ಸಹಿ ಇಲ್ಲದ ಕಾರ್ಡು

ಪೆನ್ಸಿಲ್ ಚೂಪು ಮಾಡಿ ಮುಗಿದರೆ ಓದಲೇಬೇಕಾಗುತ್ತದೆಂದು ಅವನು ಮೂರನೆಯ ಪೆನ್ಸಿಲನ್ನೂ ಕೈಗೆತ್ತಿಕೊಂಡ. ಪ್ರೆಸ್ಸಿನಿಂದ ಬಂದ ಪುಟ ಬೆಳಗಿನಿಂದ ಮೇಜಿನ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಇಂಗ್ಲಿಷ್ ನಿಘಂಟಿನ ಎರಡನೆಯ ಮುದ್ರಣದ ಕಟ್ಟಕಡೆಯ ಪ್ರೂಫು ಅದು. ಉಳಿದ ಒಂಬೈನೂರು ಪುಟಗಳನ್ನು ಅವನೇ ನೋಡಿ ಕಳಿಸಿಯಾಗಿತ್ತು. ಇದೊಂದಕ್ಕೆ ಸಂಜೆ ಐದರೊಳಗೆ ಸಹಿ ಬಿದ್ದರೆ ನಾಳೆ ಬೆಳಗ್ಗೆ ಯಂತ್ರ ತಿರುಗುತ್ತದೆ. ಪುಟದ ಮೇಲರ್ಧದಲ್ಲಿ ದೊಡ್ಡವರ ಚಿತ್ರ. ಪ್ರಧಾನ ಸಂಪಾದಕರನ್ನು ಆ ಕಚೇರಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, ಎದುರಿಗೂ ಬೆನ್ನ ಹಿಂದೆಯೂ ಅವರು ದೊಡ್ಡವರೇ. ಚಿತ್ರದಲ್ಲಿ ಅವರು ಗಲ್ಲಕ್ಕೆ ಕೈಯಾನಿಸಿ, ನೋಡುವವರ ಹೆಗಲಾಚೆ ಇರುವ ಯಾವುದನ್ನೋ ನೋಡುತ್ತ ಕೂತಿದ್ದರು. ಚಿತ್ರದ ಕೆಳಗೆ ಚೌಕಟ್ಟು ಹಾಕಿ ‘ಐಡಲ್’, ಅಂದರೆ ವಿಗ್ರಹ, ಎಂಬ ಪದದ ಟಿಪ್ಪಣಿ. ಟಿಪ್ಪಣಿಯ ಕೆಳಗೆ, ಬಲಕ್ಕೆ ಸರಿಸಿ, ‘ಪ್ರಧಾನ ಸಂಪಾದಕರ ಲೇಖನಿಯಿಂದ’. ಇಡೀ ಪುಟದಲ್ಲಿ ತಪ್ಪಿರುವುದು ಆ ಮೂರು ಪದ ಮಾತ್ರ ಎಂದು ಅವನು ತಿಳಿದಿದ್ದ. ಅದು ತಪ್ಪೆಂಬುದು ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಮೂವರಿಗೆ ಗೊತ್ತಿರಬಹುದೇ ಎಂಬುದನ್ನು ಇಪ್ಪತ್ತಾರು ವರ್ಷದಿಂದ ಯೋಚಿಸುತ್ತ ಬಂದಿದ್ದ.

ಫೋನು ಹೊಡೆದುಕೊಂಡಿತು. ಪ್ರೆಸ್ಸಿನ ಮ್ಯಾನೇಜರು.

‘ಸಾರ್, ಒಂದು ಪುಟ. ಒಂದೇ ಒಂದು. ಒಂಬೈನೂರು ಪುಟ ಹೊತ್ತವರಿಗೆ ಇದು ಭಾರಾನಾ?’

‘ನೋಡ್ತಾ ಇದೀನಿ.’

‘ಏನ್ ನೋಡೋದು ಸಾರ್ ಅದರಲ್ಲಿ? ದೊಡ್ಡವರು ಬರೆದಿದ್ದು. ನನ್ನ ಮಗಳು ಸ್ಕೂಲಲ್ಲಿ ಬಾಯಿಪಾಠ ಮಾಡಿದ್ಲು ಅದನ್ನ. ನೀವು ತಿದ್ದೋಕೆ ಕೂತ್ರೆ ಅವಳು ಬಂದು ಜಗಳ ಆಡ್ತಾಳೆ.’

‘ಐದರೊಳಗೆ ಕೊಡ್ತೀನಿ ಅಂದ್ನಲ್ಲ.’

‘ಬೆಳಗ್ಗೆ ಹತ್ತರೊಳಗೆ ಅಂದಿದ್ರಿ. ಐದು ಅಂದ್ರೆ ಯಾವತ್ತಿನ ಐದು, ಅದನ್ನೂ ಹೇಳ್ಬಿಡಿ.’

ಫೋನಿಟ್ಟ ಮೇಲೆ ಕೋಣೆ ಇನ್ನಷ್ಟು ಸುಮ್ಮನಾಯಿತು. ಕೊಡೆ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಗೋಡೆಯುದ್ದಕ್ಕೂ ಕಾರ್ಡಿನ ಬೀರುಗಳು, ಇನ್ನೂರ ನಲವತ್ತು ಸಣ್ಣ ಸಣ್ಣ ಖಾನೆ. ಒಂದು ಕಾಲಕ್ಕೆ ಇಲ್ಲಿ ಏಳು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಬರೆಯುತ್ತಿದ್ದರು. ಈಗ ಆರು ಕುರ್ಚಿ ಒಂದರ ಮೇಲೊಂದು ಮೂಲೆಯಲ್ಲಿ, ಏಳನೆಯದರ ಮೇಲೆ ಅವನು. ಕೆಲವು ದಿನ ಬೆಳಗ್ಗೆ ಬೀಗ ತೆಗೆದವನು ಸಂಜೆ ಬೀಗ ಹಾಕುವವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಧ್ವನಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ಒಮ್ಮೊಮ್ಮೆ ಖಾನೆಗಳ ಮೇಲಿನ ಪದಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಕೆಳಗಿನ ಕೊಡೆಯವನು ಒಂದು ದಿನ ಕೇಳಿಯೇಬಿಟ್ಟ: ‘ಮೇಲೆ ಯಾರಾದ್ರೂ ಬಂದಿದಾರಾ ಸ್ವಾಮಿ, ಮಾತು ಕೇಳ್ತಿತ್ತು?’ ಹೌದು, ಬಂದಿದಾರೆ ಎಂದಿದ್ದ ಅವನು. ಸುಳ್ಳು ಹೇಳುವಾಗ ತನ್ನ ಧ್ವನಿ ಎಷ್ಟು ಸಲೀಸಾಗಿ ಹರಿಯುತ್ತದಲ್ಲ ಎನ್ನಿಸಿ ಕಿವಿ ಬಿಸಿಯಾಗಿತ್ತು. ಅಂಥದೇ ಸಲೀಸು ಅವತ್ತೂ ಇತ್ತು, ಮೂವತ್ತರ ವಯಸ್ಸಿನಲ್ಲಿ, ಇದೇ ಕೋಣೆಯಲ್ಲಿ, ಕಿಟಕಿಯ ಪಕ್ಕ ದೊಡ್ಡವರ ಮೇಜಿನ ಮುಂದೆ ನಿಂತಾಗ.

ಈ ಕಚೇರಿಗೆ ಬಂದಾಗ ಅವನ ಹತ್ತಿರ ಡಿಗ್ರಿ ಇರಲಿಲ್ಲ. ಮೂರು ವರ್ಷ ಸಿನಿಮಾ ಟಿಕೆಟ್ಟಿನ ಕಿಂಡಿಯ ಹಿಂದೆ ಕೂತು, ಆಟ ಶುರುವಾದ ಮೇಲೆ ಸಿಗುವ ಎರಡೂವರೆ ಗಂಟೆಯಲ್ಲಿ ಇಂಗ್ಲಿಷ್ ಕಲಿತವನು. ದೊಡ್ಡವರು ಸಂದರ್ಶನ ಅಂತ ಏನೂ ಮಾಡಲಿಲ್ಲ. ‘ಕಿಂಡಿಯೊಳಗೆ ಕೂತಾಗ ಜನರದು ಏನು ಕಾಣುತ್ತೆ ನಿಮಗೆ?’ ಎಂದರು. ಕೈ ಮಾತ್ರ ಕಾಣುತ್ತೆ ಸರ್ ಎಂದ. ‘ಕೈ ನೋಡಿ ಮುಖ ಹೇಳ್ತೀರಾ?’ ಎಷ್ಟೋ ಸಲ ಹೇಳಬಹುದು ಸರ್. ‘ಪದಾನೂ ಹಾಗೇ. ನಾಳೆಯಿಂದ ಬನ್ನಿ.’ ಅವನನ್ನು ಹುಟ್ಟಿದಾಗಿನಿಂದ ಯಾರೂ ನೀವು ಎಂದಿರಲಿಲ್ಲ. ಮನೆಯಲ್ಲಿ ಲೋ, ಕಿಂಡಿಯಲ್ಲಿ ಏಯ್. ಅವತ್ತು ಮೆಟ್ಟಿಲಿಳಿಯುವಾಗ ಆ ‘ನೀವು’ವನ್ನು ತುಂಬಿದ ಲೋಟದ ಹಾಗೆ ಹಿಡಿದುಕೊಂಡು, ಚೆಲ್ಲದಂತೆ ಮನೆಗೆ ಒಯ್ದ. ಆಮೇಲೆ ದೊಡ್ಡವರು ನಡೆದರೆ ಎರಡು ಹೆಜ್ಜೆ ಹಿಂದೆ ಅವನು. ಅವರು ಕನ್ನಡಕ ಹುಡುಕಿದರೆ ಕನ್ನಡಕ, ಕೆಮ್ಮಿದರೆ ನೀರು. ಕಚೇರಿಯವರು ‘ಬಾಲ’ ಎಂದು ಹೆಸರಿಟ್ಟರು. ಅದರಲ್ಲಿ ಅವಮಾನ ಇದೆಯೆಂದು ಹೊಳೆಯುವಷ್ಟರಲ್ಲಿ ವರ್ಷ ಕಳೆದು ಅಭ್ಯಾಸವಾಗಿತ್ತು. ‘ಬಾಲಣ್ಣ’ ಎಂದು ಸೇರಿಸಿ ಕರೆದವರು ಟೀಚರಮ್ಮ ಒಬ್ಬರೇ. ಹತ್ತು ವರ್ಷ ಭೂಗೋಳ ಹೇಳಿಕೊಟ್ಟು ಬೇಸತ್ತು ನಿಘಂಟಿಗೆ ಬಂದವರು, ಹನ್ನೊಂದು ಗಂಟೆಗೇ ಹಸಿವೆಂದು ಡಬ್ಬಿ ಬಿಚ್ಚುವವರು, ಬಿಚ್ಚಿದ್ದರಲ್ಲಿ ಅರ್ಧ ಪಕ್ಕದವರಿಗೆ ಹಂಚುವವರು.

ಕಚೇರಿಗೆ ಒಂದು ಪದ್ಧತಿಯಿತ್ತು. ಯಾರು ಯಾವ ಪದದ ಕಾರ್ಡು ಬರೆದರೂ ಕೆಳಗೆ ಬಲಮೂಲೆಯಲ್ಲಿ ತಮ್ಮ ಸಹಿಯ ಎರಡಕ್ಷರ ಹಾಕಬೇಕು, ತಿದ್ದಿದವರೂ ಹಾಕಬೇಕು. ತಪ್ಪು ಬಂದರೆ ಯಾರ ಕಿವಿ ಹಿಂಡಬೇಕೆಂದು ತಿಳಿಯಲಿ ಎಂದು ದೊಡ್ಡವರೇ ಮಾಡಿದ ನಿಯಮ. ಅವರ ಕಿವಿ ಹಿಂಡುವವರು ಯಾರೂ ಇಲ್ಲವಾದ್ದರಿಂದ ಅವರ ಕಾರ್ಡಿಗೆ ಸಹಿ ಬೇಕಿರಲಿಲ್ಲ. ಹಾಗಾಗಿ ಸಹಿ ಇಲ್ಲದ ಕಾರ್ಡು ಎಂದರೆ ದೊಡ್ಡವರದು. ಅದನ್ನು ಯಾರೂ ತಿದ್ದುವುದಿಲ್ಲ, ನೇರ ಅಚ್ಚಿನ ಪೆಟ್ಟಿಗೆಗೆ. ಅಕ್ಷರ ನೋಡಿ ಗುರುತು ಹಿಡಿಯೋಣವೆಂದರೆ, ಅವರ ಕಾರ್ಡುಗಳನ್ನು ಪ್ರತಿ ಮಾಡಿ ಮಾಡಿ ಅಲ್ಲಿ ಎಲ್ಲರ ಅಕ್ಷರವೂ ಅವರ ಅಕ್ಷರವೇ ಆಗಿತ್ತು. ಒಂದು ಸೋಮವಾರ ಪೆಟ್ಟಿಗೆಯಲ್ಲಿ ‘ಐಡಲ್’ ಕಾರ್ಡು ಸಿಕ್ಕಿತು, ಎರಡೂ ಬದಿ ತುಂಬ ಬರೆದದ್ದು, ಮೂಲೆ ಖಾಲಿ. ಅವನು ನಿಂತಲ್ಲೇ ಓದಿದ.

‘ಮೊದಲಿಗೆ ಇದು ಬರೀ ಕಣ್ಣಿಗೆ ಕಂಡದ್ದು. ನೀರಿನಲ್ಲಿ ಕಾಣುವ ಮುಖ. ಕನಸಿನಲ್ಲಿ ಬಂದು ಹೋಗುವ ಸತ್ತವರ ಆಕಾರ. ಹಿಡಿಯಹೋದರೆ ಕೈಗೆ ಸಿಗದ್ದು. ಹಳೆಯ ಗ್ರೀಕರು ಅದನ್ನು ಐಡೋಲಾನ್ ಎಂದರು. ಆಮೇಲೆ ಕೈಗೆ ಸಿಗಲೆಂದು ಕಲ್ಲಿನಲ್ಲಿ ಮರದಲ್ಲಿ ಮಾಡಿಟ್ಟದ್ದು. ಆಮೇಲೆ ಆ ಕಲ್ಲಿನೊಳಗೆ ಇದೆಯೆಂದು ನಂಬಿದ ದೇವರು, ಅದನ್ನು ನಂಬದವರ ಬಾಯಲ್ಲಿ ಸುಳ್ಳು ದೇವರು. ಕಟ್ಟಕಡೆಗೆ, ಕಲ್ಲೂ ಇಲ್ಲದೆ, ಆ ಜಾಗದಲ್ಲಿ ಜನ ನಿಲ್ಲಿಸಿಕೊಂಡ ಮನುಷ್ಯ. ಗ್ರೀಕಿನಿಂದ ನೇರವಾಗಿ ಇಂಗ್ಲಿಷಿಗೆ ಬಂದ ಪದ. ಬೇರಿನ ಅರ್ಥ ನೋಡು, ಕಾಣು ಎಂದು. ಸಂಸ್ಕೃತದಿಂದ ನಮಗೆ ಬಂದ ವಿದ್ಯೆ ಕೂಡ ಅದೇ ಬೇರಿನದು. ಇಷ್ಟು ದೂರ ನಡೆದು ಬರುವಾಗ ನೋಡಿಸಿಕೊಂಡದ್ದು ಪ್ರತಿಸಲವೂ ಬದಲಾಯಿತು. ನೋಡುವವನು ಮಾತ್ರ ಬದಲಾಗಲಿಲ್ಲ.’

ಅವನಿಗೆ ಮೈ ಜುಮ್ಮೆಂದಿತು. ಕಾರ್ಡು ಹಿಡಿದು ದೊಡ್ಡವರ ಮೇಜಿಗೆ ಹೋದ. ಅವರು ಓದಿದರು, ತಿರುಗಿಸಿ ಹಿಂಬದಿ ಓದಿದರು, ಮತ್ತೆ ಮುಂಬದಿಗೆ ಬಂದರು. ‘ಇದು ಯಾರದು?’ ಎಂದರು. ಆ ಕ್ಷಣ ಅವನಿಗೆ ಅದು ಪ್ರಶ್ನೆ ಎಂದೇ ಅನ್ನಿಸಲಿಲ್ಲ. ಇಷ್ಟು ಚೆನ್ನಾಗಿರುವುದು ಇನ್ನು ಯಾರದಿರಲು ಸಾಧ್ಯ. ‘ತಮ್ಮದೇ ಅಲ್ವಾ ಸರ್’ ಎಂದ, ಕನ್ನಡಕ ಹುಡುಕಿಕೊಟ್ಟಷ್ಟೇ ಸಲೀಸಾಗಿ, ಕೊಂಚ ನಗುತ್ತ. ದೊಡ್ಡವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ಕೊಡೆಯೊಂದನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ನೋಡುತ್ತಿದ್ದ ಸದ್ದು ಕೇಳುತ್ತಿತ್ತು. ‘ಹೌದಾ,’ ಎಂದರು ದೊಡ್ಡವರು, ‘ಯಾವಾಗ ಬರೆದೆನೋ.’ ಕಾರ್ಡು ವಾಪಸು ಕೊಟ್ಟರು. ಇಷ್ಟೇ. ಆ ನಿಲುಗಡೆ ಎಷ್ಟು ಹೊತ್ತಿನದು ಎಂದು ಅವನು ಎಷ್ಟೋ ಸಲ ಅಳೆಯಲು ನೋಡಿದ್ದಾನೆ, ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ. ಒಮ್ಮೊಮ್ಮೆ ಅದು ಮರೆತದ್ದನ್ನು ನೆನಪು ಮಾಡಿಕೊಳ್ಳುವವನ ನಿಲುಗಡೆ. ಒಮ್ಮೊಮ್ಮೆ, ಬಾಗಿಲು ತೆರೆದಿದೆ, ಹೋಗಲೋ ಬೇಡವೋ ಎನ್ನುವವನದು.

ಅದು ಯಾರದೆಂದು ಅವನಿಗೆ ತಿಳಿದದ್ದು ಒಂದು ವಾರದ ಮೇಲೆ, ಹರಿದ ಕಾಗದವೊಂದನ್ನು ಕಸದಬುಟ್ಟಿಯಿಂದ ಎತ್ತಿ ಪೆನ್ನಿನ ಶಾಯಿ ಒರೆಸಲು ಹೋದಾಗ. ‘ಕೈಗೆ ಸಿಗದ್ದು’ ಎಂಬುದನ್ನು ನಾಲ್ಕು ರೀತಿಯಲ್ಲಿ ಬರೆದು ಹೊಡೆದುಹಾಕಿದ ಕರಡು. ಅದರ ಹಿಂಬದಿಯಲ್ಲಿ ಟೀಚರಮ್ಮನ ಮನೆಯ ಸಾಮಾನಿನ ಪಟ್ಟಿ: ಸೋಪು, ಬೆಂಕಿಪೊಟ್ಟಣ, ಅಮ್ಮನ ಮಾತ್ರೆ. ಅವನು ಆ ಕಾಗದವನ್ನು ಮಡಿಸಿ ಕಿಸೆಗೆ ಹಾಕಿಕೊಂಡ. ಹೇಳಬೇಕು ಎಂದುಕೊಂಡ. ಹೇಳಿದರೆ ದೊಡ್ಡವರಿಗೆ ‘ತಾವು ತಮ್ಮದಲ್ಲದ್ದನ್ನು ತಮ್ಮದೆಂದಿರಿ’ ಎಂದು ಹೇಳಿದ ಹಾಗಾಗುತ್ತದೆ. ಹಾಗೆ ಹೇಳುವಂತೆ ಮಾಡಿದವನು ತಾನು. ಇವತ್ತು ಬೇಡ, ಅವರಿಗೆ ನೆಗಡಿ. ಈ ವಾರ ಬೇಡ, ಅಚ್ಚಿನ ಗಡಿಬಿಡಿ. ನಿಘಂಟು ಹೊರಬಂತು. ಪತ್ರಿಕೆಗಳು ಆ ಟಿಪ್ಪಣಿಯನ್ನೇ ಎತ್ತಿ ಅಚ್ಚು ಹಾಕಿದವು. ದೊಡ್ಡವರನ್ನು ಊರೂರಿಗೆ ಭಾಷಣಕ್ಕೆ ಕರೆದರು. ಮೊದಲ ವರ್ಷ ಅವರು ‘ಎಲ್ಲೋ ಹೊಳೆಯಿತು’ ಎನ್ನುತ್ತಿದ್ದರು. ಮೂರನೆಯ ವರ್ಷಕ್ಕೆ ಒಂದು ಕೊಳ ಬಂತು. ಕೊಳದ ದಂಡೆಯಲ್ಲಿ ಕೂತು ನೀರಿನಲ್ಲಿ ಮುಖ ನೋಡಿಕೊಂಡಾಗ ಹೊಳೆಯಿತು. ಹತ್ತನೆಯ ವರ್ಷಕ್ಕೆ ಆ ಕೊಳದಲ್ಲಿ ಒಂದು ಮೀನು ಬಂದು ಅವರ ಮುಖವನ್ನು ಒಡೆದು ಹೋಗುತ್ತಿತ್ತು. ಅವನು ಮೊದಲ ಸಾಲಿನಲ್ಲಿ ಕೂತು ಕೊಳವನ್ನೂ ಮೀನನ್ನೂ ನೋಡುತ್ತಿದ್ದ, ಚಪ್ಪಾಳೆ ತಟ್ಟುತ್ತಿದ್ದ. ಮೊದಲ ವರ್ಷಗಳಲ್ಲಿ ಎರಡು ಕುರ್ಚಿಯಾಚೆ ಟೀಚರಮ್ಮನೂ ತಟ್ಟುತ್ತಿದ್ದರು. ಅವರ ಮುಖ ನೋಡುವ ಧೈರ್ಯವಿಲ್ಲದೆ ಕೈ ನೋಡುತ್ತಿದ್ದ. ಕೈ ನೋಡಿ ಮುಖ ಹೇಳಬಲ್ಲವನಿಗೆ ಆ ಕೈಗಳಿಂದ ಏನೂ ತಿಳಿಯುತ್ತಿರಲಿಲ್ಲ.

ಕೆಲಸ ಕಡಿಮೆಯಾಗಿ ಒಬ್ಬೊಬ್ಬರನ್ನೇ ಮನೆಗೆ ಕಳಿಸಿದಾಗ ಟೀಚರಮ್ಮನ ಚೀಲ ಹೊತ್ತು ಬಸ್ ಸ್ಟಾಪಿನವರೆಗೆ ಹೋದವನು ಅವನು. ಹೇಳಬೇಕಾದ್ದು ಗಂಟಲಿನವರೆಗೆ ಬಂದಿತ್ತು. ಅವರೇ ಅಂದರು: ‘ಬಾಲಣ್ಣ, ನಿಮ್ಮ ಬಾಯಲ್ಲಿ ಏನೋ ಇದೆ. ಉಗೀರಿ, ಇಲ್ಲಾ ನುಂಗಿ. ಬಸ್ಸು ಬಂತು.’ ಅವನು ನುಂಗಿದ. ಬಸ್ಸು ಹೋಯಿತು.

ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಅವನು ಪ್ರೂಫನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಬೀಗ ಹಾಕಿ ಕೆಳಗಿಳಿದ. ಕೊಡೆಯವನು ತಲೆಯೆತ್ತಿ, ‘ಇಷ್ಟು ಬೇಗ? ಮೇಲಿನವರು ಹೋದ್ರಾ?’ ಎಂದ.

‘ಇಲ್ಲ. ಅಲ್ಲೇ ಇದಾರೆ’ ಎಂದು ಅವನು ರಸ್ತೆ ದಾಟಿದ.

ಎರಡು ಬಸ್ಸು ಬದಲಾಯಿಸಿ, ರೈಲಿನ ಶೆಡ್ಡಿನ ಹಿಂದಿನ ಬೀದಿಯಲ್ಲಿ ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಅವನಿಗೆ ಏದುಸಿರು. ಟೀಚರಮ್ಮನ ವಿಳಾಸ ಹಳೆಯ ಡೈರಿಯಿಂದ ಪ್ರತಿವರ್ಷ ಹೊಸ ಡೈರಿಗೆ ಇಳಿಯುತ್ತ ಬಂದಿತ್ತು. ಬಾಗಿಲು ತೆಗೆದ ಟೀಚರಮ್ಮನಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ತರಗತಿಗೆ ಹೊರಟವರ ಹಾಗೆ ನೆಟ್ಟಗಿತ್ತು.

‘ಯಾರೂ ಸತ್ತಿಲ್ಲ ತಾನೇ?’ ಎಂದರು ಅವನನ್ನು ನೋಡಿ.

‘ಇಲ್ಲ.’

‘ಹಾಗಾದ್ರೆ ಒಳಗೆ ಬನ್ನಿ. ಈ ವಯಸ್ಸಲ್ಲಿ ಹಳಬರು ಬಾಗಿಲಿಗೆ ಬಂದ್ರೆ ಮೊದಲು ಅದನ್ನ ಕೇಳಿಬಿಡೋದು ವಾಸಿ, ಆಮೇಲೆ ಟೀ ನೆಮ್ಮದಿಯಾಗಿ ಕುಡೀಬಹುದು.’

ಒಂದೇ ಕೋಣೆ. ಕಿಟಕಿಯ ಹತ್ತಿರದ ಮೇಜಿನ ಮೇಲೆ ಗೆರೆ ಎಳೆದ ಚೌಕಗಳ ಹಾಳೆ. ವಾರಪತ್ರಿಕೆಗೆ ಪದಬಂಧ ಮಾಡಿಕೊಡುತ್ತಾರಂತೆ. ‘ಇದರಲ್ಲೂ ಹೆಸರು ಹಾಕಲ್ಲ ನೋಡಿ,’ ಎಂದು ಅವರು ಸ್ಟೌ ಹಚ್ಚುತ್ತ ನಕ್ಕರು. ‘ಬಿಡಿಸೋಕಾಗದವರು ಬೈಯೋದು ಪತ್ರಿಕೆಗೆ, ನನಗಲ್ಲ. ಸಹಿ ಇಲ್ಲದಿರೋದರಲ್ಲಿ ಸುಖ ಇದೆ.’ ಆ ನಗುವಿಗೆ ಅವನು ನಗಲೋ ಬೇಡವೋ ತಿಳಿಯದೆ ಪ್ರೂಫನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ. ಅದು ಮತ್ತೆ ಮತ್ತೆ ಸುರುಳಿಯಾಗುತ್ತಿತ್ತು. ಅವರು ಒಂದು ತುದಿಗೆ ಸಕ್ಕರೆ ಡಬ್ಬಿ ಇಟ್ಟರು, ಇನ್ನೊಂದಕ್ಕೆ ತಮ್ಮ ಕೈ. ನಿಂತೇ ಓದಿದರು. ದೊಡ್ಡವರ ಚಿತ್ರದ ಮೇಲೆ ಬೆರಳಿಟ್ಟು, ‘ಎಷ್ಟು ಚೆನ್ನಾಗಿದ್ರು’ ಎಂದರು.

‘ಇದು ನಿಮ್ಮದು ಅಂತ ನಂಗೊತ್ತು,’ ಎಂದ ಅವನು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಇದು ಮೂರನೆಯದಾಗಿ ಬರಬೇಕಿತ್ತು. ‘ಅವತ್ತಿಂದ ಗೊತ್ತು. ನೀವು ಸಹಿ ಹಾಕೋಕೆ ಮರೆತಿದ್ರಿ.’

‘ನಾನು ಏನನ್ನಾದ್ರೂ ಮರೆತಿದ್ದು ನೋಡಿದೀರಾ?’

ಸ್ಟೌವಿನ ಮೇಲೆ ನೀರು ಸದ್ದು ಮಾಡತೊಡಗಿತು. ಟೀಚರಮ್ಮ ಅದರ ಕಡೆಗೆ ಹೋಗಲಿಲ್ಲ.

‘ಅದಕ್ಕಿಂತ ಮುಂಚೆ ನಲವತ್ತು ಕಾರ್ಡು ಉದ್ದುದ್ದ ಬರೆದಿದ್ದೆ ಬಾಲಣ್ಣ. ನಲವತ್ತಕ್ಕೂ ದೊಡ್ಡವರ ಕೆಂಪುಗೆರೆ. ಅಮ್ಮಾ ಇದು ನಿಘಂಟು, ನಿಮ್ಮ ತರಗತಿ ಅಲ್ಲ, ಅರ್ಥ ಬರೀರಿ ಸಾಕು ಅಂತ. ಸರಿ, ನಲವತ್ತೊಂದನೇದಕ್ಕೆ ಸಹಿ ಹಾಕ್ಲಿಲ್ಲ. ನೋಡೋಣ ಅಂತ.’

‘ಏನ್ ನೋಡೋಣ ಅಂತ?’

‘ಬರಹ ಕೆಟ್ಟದ್ದೋ, ಸಹಿ ಕೆಟ್ಟದ್ದೋ ಅಂತ.’

ಅವನು ಕುರ್ಚಿ ಹುಡುಕಿ ಕೂತ. ಅವರು ಹೇಳುತ್ತಲೇ ಇದ್ದರು, ಬೇರೆ ಯಾರದೋ ಪೇಚಾಟ ಹೇಳುವವರ ಹಾಗೆ, ನಡುನಡುವೆ ನಗುತ್ತ. ‘ಪೆಟ್ಟಿಗೆಗೆ ಹಾಕಿ ಕಾದೆ. ಅಚ್ಚಿಗೆ ಕಳಿಸೋ ಮುಂಚೆ ಅವರು ಓದ್ತಾರೆ, ಇದು ನಾನು ಬರೆದಿದ್ದಲ್ವಲ್ಲ ಅಂತ ಗೊತ್ತಾಗುತ್ತೆ, ಕೂಗಿ ಕೇಳ್ತಾರೆ, ಇದು ಯಾರದು ಅಂತ. ಆಗ ಎದ್ದು ನಿಂತು ನಂದು ಅನ್ನೋದು. ಅದಕ್ಕೇ ಅಂತ ಹೊಸ ಚಪ್ಪಲಿ ಹಾಕ್ಕೊಂಡು ಬಂದಿದ್ದೆ, ಹುಚ್ಚಿ. ಮೂರು ದಿನ ಹಾಕ್ಕೊಂಡು ಬಂದೆ, ಹಿಮ್ಮಡಿ ಕಿತ್ತುಹೋಯ್ತು. ಅವರು ಕೇಳಲೇ ಇಲ್ಲ. ಕೇಳಿದ್ರೆ ಸಾಕಾಗಿತ್ತು, ಕಣ್ರೀ. ತಮ್ಮದಲ್ಲ ಅಂತ ಗೊತ್ತಿದ್ದೂ ಕೇಳದೆ ಇಟ್ಕೊಂಡ್ರಲ್ಲ, ಅಲ್ಲಿಗೆ ನನಗೆ ಅವರ ಮೇಲಿದ್ದಿದ್ದು ಹೋಯ್ತು. ಅದು ಹೋಗಿದ್ದಕ್ಕೆ ಹೆಚ್ಚು ದುಃಖ ಆಯ್ತು ನನಗೆ, ಕಾರ್ಡಿಗಲ್ಲ.’

ಈಗ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಟೀ ಕುಡಿದು, ನಿಮ್ಮ ಹೆಸರು ಹಾಕಿಸುತ್ತೇನೆ ಎಂದು ಹೇಳಿ, ದೊಡ್ಡ ಮನುಷ್ಯನಾಗಿ ಮೆಟ್ಟಿಲಿಳಿಯಬಹುದು. ಅವನ ಕಣ್ಣು ಅವರ ಪಾದಗಳ ಕಡೆ ಹೋಯಿತು. ಮನೆಯೊಳಗೆ ಹಾಕುವ ಸವೆದ ರಬ್ಬರು ಚಪ್ಪಲಿ.

‘ಕೇಳಿದ್ರು,’ ಎಂದ.

‘ಏನು?’

‘ದೊಡ್ಡವರು ಕೇಳಿದ್ರು. ಇದು ಯಾರದು ಅಂತ. ನನ್ನನ್ನ ಕೇಳಿದ್ರು. ನೀವು ಆಚೆ ಕೋಣೇಲಿದ್ರಿ. ತಮ್ಮದೇ ಅಲ್ವಾ ಸರ್ ಅಂದೆ ನಾನು.’

ನೀರು ಉಕ್ಕಿ ಸ್ಟೌವಿನ ಮೇಲೆ ಚುಂಯ್ ಎಂದಿತು. ಟೀಚರಮ್ಮ ಹೋಗಿ ಆರಿಸಿದರು. ಬೆನ್ನು ತಿರುಗಿಸಿಕೊಂಡೇ ಕೈಯಲ್ಲಿದ್ದ ಬಟ್ಟೆಯಿಂದ ಉಕ್ಕಿದ್ದನ್ನು ಒರೆಸಿದರು, ಉಕ್ಕದ ಕಡೆಯೂ ಒರೆಸಿದರು. ಬೈಯುತ್ತಾರೆ ಎಂದು ಕಾದ ಅವನಿಗೆ ಅದರಿಂದ ಒಂದು ಥರದ ಸಮಾಧಾನವಾಗಬಹುದೆಂಬ ಆಸೆಯೂ ಇತ್ತು.

‘ಕೇಳಿದ್ರಾ,’ ಎಂದರು ಅವರು ಮೆಲ್ಲಗೆ, ಗೋಡೆಗೆ. ‘ಹಾಗಾದ್ರೆ ಕೇಳಿದ್ರು.’ ತಿರುಗಿದಾಗ ಅವರ ಮುಖದಲ್ಲಿ ಅವನಿಗಾಗಿ ಏನೂ ಇರಲಿಲ್ಲ, ಸಿಟ್ಟೂ. ಕಳೆದುಹೋಗಿದ್ದ ಯಾವುದೋ ಸಿಕ್ಕಿತ್ತು, ಅದು ಸಿಕ್ಕಿದ್ದು ಅವನಿಂದ ಎಂಬುದಕ್ಕಿಂತ, ಇಷ್ಟು ವರ್ಷ ಅದು ಅವನ ಕಿಸೆಯಲ್ಲಿತ್ತು ಎಂಬುದು ಆ ಕೋಣೆಯಲ್ಲಿ ದೊಡ್ಡದಾಗಿ ನಿಂತಿತ್ತು.

‘ನಿಮ್ಮ ಹೆಸರು ಹಾಕ್ತೀನಿ,’ ಎಂದ. ‘ಈಗಲೇ. ಇಲ್ಲೇ.’

‘ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕೆ ನನ್ನ ಹೆಸರು ಬೇಡ.’ ಅವರು ಮೇಜಿಗೆ ಬಂದರು. ಪದಬಂಧದ ಪೆನ್ಸಿಲ್ ತೆಗೆದುಕೊಂಡು ಟಿಪ್ಪಣಿಯ ಒಂದು ಪದದ ಕೆಳಗೆ ಗೆರೆ ಎಳೆದರು. ‘ನೇರವಾಗಿ ಅಂತಿದೆ ನೋಡಿ. ತಪ್ಪು. ಗ್ರೀಕಿಂದ ಲ್ಯಾಟಿನ್ನು, ಅಲ್ಲಿಂದ ಹಳೇ ಫ್ರೆಂಚು, ಆಮೇಲೆ ಇಂಗ್ಲಿಷು. ಅವತ್ತು ಅವಸರದಲ್ಲಿ ಬರೆದೆ, ರಾತ್ರಿ ಮಲಗಿದಾಗ ಹೊಳೀತು. ದೊಡ್ಡವರು ತಿದ್ತಾರೆ ಅಂತ ಸುಮ್ಮನಾದೆ. ಇಪ್ಪತ್ತಾರು ವರ್ಷ ಮಕ್ಕಳು ತಪ್ಪನ್ನ ಬಾಯಿಪಾಠ ಮಾಡಿದ್ವು. ನಿಮ್ಮಲ್ಲಿ ಒಬ್ಬರೂ ನೋಡ್ಲಿಲ್ವಾ?’

ಒಂಬೈನೂರು ಪುಟ ನೋಡಿದವನ ಕುತ್ತಿಗೆಯವರೆಗೆ ಬಿಸಿ ಏರಿತು. ನೋಡಿದ್ದ. ನೂರು ಸಲ ನೋಡಿದ್ದ. ಸಹಿ ಇಲ್ಲದ್ದನ್ನು ನೋಡುವ ರೀತಿಯೇ ಬೇರೆ.

ಅವರು ‘ನೇರವಾಗಿ’ಯನ್ನು ಹೊಡೆದು, ಮೇಲೆ ಸಣ್ಣದಾಗಿ ‘ಲ್ಯಾಟಿನ್, ಹಳೆಯ ಫ್ರೆಂಚ್ ಮೂಲಕ’ ಎಂದು ಬರೆದರು. ಪಕ್ಕದಲ್ಲಿ, ಪದ್ಧತಿಯಂತೆ, ತಿದ್ದಿದವರ ಎರಡಕ್ಷರ ಹಾಕಿದರು. ಆ ಎರಡಕ್ಷರ ದೊಡ್ಡವರ ಅಕ್ಷರದ ಹಾಗಿರಲಿಲ್ಲ. ಅವರದೇ ಆಗಿದ್ದವು.

‘ಈಗ ಅವರ ಹತ್ರ ಹೋಗಿ,’ ಎಂದರು. ‘ನನ್ನ ಮುಂದೆ ಹೇಳಿದ್ದನ್ನ ಅವರ ಮುಂದೆ ಹೇಳಿ. ಆಮೇಲೆ ಹೆಸರು ಹಾಕಿದ್ರೂ ಸರಿ, ಬಿಟ್ಟರೂ ಸರಿ. ಹೇಳದೆ ಹಾಕಿದ್ರೆ ಮಾತ್ರ ನಾನು ಒಪ್ಪಲ್ಲ. ಟೀ ಕುಡ್ಕೊಂಡು ಹೋಗಿ, ನೀರು ಕಾದಿದೆ.’

ದೊಡ್ಡವರ ಮನೆಗೆ ಅವನು ಹೋಗಿ ಎಂಟು ತಿಂಗಳಾಗಿತ್ತು. ಮರೆವು ಜಾಸ್ತಿಯಾಗಿದೆ ಎಂದು ಅವರ ಮಗಳು ಫೋನಿನಲ್ಲಿ ಹೇಳಿದ ಮೇಲೆ, ತನ್ನನ್ನು ನೋಡಿ ಅವರು ಯಾರು ನೀನು ಎಂದುಬಿಟ್ಟರೆ ಎಂಬ ಅಂಜಿಕೆ. ಮರೆತರು ಎಂಬುದಕ್ಕಲ್ಲ. ‘ನೀನು’ ಎಂದುಬಿಟ್ಟರೆ ಎಂದು. ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹೋದರು, ಬೇರೆಯವರು ಕೂತರು, ಅವರೂ ಹೋದರು. ಗಾಜಿನಲ್ಲಿ ಅವನ ಮುಖದ ಮೂಲಕ ಅಂಗಡಿಗಳು ಹಾದುಹೋದವು. ಹೇಳಬೇಕಾದ ವಾಕ್ಯ ಐದೇ ಪದದ್ದು. ಅದನ್ನು ತುಟಿಯೊಳಗೆ ಹೊರಳಿಸುತ್ತಿದ್ದವನಿಗೆ, ಸರ್ ಎಂಬುದನ್ನು ಮೊದಲು ಹಾಕಬೇಕೋ ಕೊನೆಗೋ ಎಂಬುದೇ ಬಗೆಹರಿಯದೆ ತನ್ನ ನಿಲ್ದಾಣ ದಾಟಿಹೋಯಿತು.

ಮಗಳು ಬಾಗಿಲು ತೆರೆದರು. ಮೂವತ್ತೈದರ ಹೆಂಗಸು, ತೋಳು ಮಡಚಿ, ಕೈಯಲ್ಲಿ ಒದ್ದೆ ಬಟ್ಟೆ. ‘ಅಂತೂ ದಾರಿ ಸಿಕ್ತಾ ನಿಮಗೆ?’ ಎಂದರು, ಒಳಗೆ ಕರೆದರು. ‘ಹೆದರ್ಕೋಬೇಡಿ. ಮೈ ಗಟ್ಟಿಯಾಗಿದೆ. ಮನೇಲಿರೋ ಪ್ರತಿಯೊಂದು ಸಾಮಾನೂ ಯಾರದು ಅಂತ ಕೇಳ್ತಾರೆ, ಅಷ್ಟೆ. ಹೇಳ್ತಾ ಇದ್ರೆ ಸಮಾಧಾನವಾಗಿರ್ತಾರೆ. ನಾನು ಒಂದ್ ಕಾಫಿ ಮಾಡ್ತೀನಿ, ಅಲ್ಲಿವರೆಗೆ ನಿಮ್ಮ ಪಾಳಿ.’

ದೊಡ್ಡವರು ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದರು. ಅವನು ಎದುರಿನ ಸ್ಟೂಲಿನ ಮೇಲೆ ಕೂತ. ಅವರು ಅವನ ಹೆಗಲಾಚೆ ನೋಡಿದರು, ಆಮೇಲೆ ಅವನ ಕೈ ನೋಡಿದರು.

‘ಇದು ಯಾರದು?’ ಎಂದರು ಮೈಮೇಲಿನ ಕಂಬಳಿ ಮುಟ್ಟಿ.

‘ತಮ್ಮದು ಸರ್.’

‘ಇದು?’ ನೀರಿನ ಲೋಟ.

‘ತಮ್ಮದೇ.’

ಹೇಳುವಾಗ ಅವನಿಗೆ ನಾಚಿಕೆಯಾಯಿತು, ಇಷ್ಟು ವರ್ಷ ಇದೊಂದೇ ಉತ್ತರ ಕಲಿತವನ ಹಾಗೆ. ಸುರುಳಿಯನ್ನು ಬಿಚ್ಚಿ ಅವರ ಮಡಿಲ ಮೇಲೆ ಇಟ್ಟ. ಅಕ್ಷರ ಕಂಡೊಡನೆ ಅವರ ಬೆರಳು ತಾನಾಗಿ ಮೊದಲ ಸಾಲಿಗೆ ಹೋಯಿತು. ತುಟಿ ಅಲ್ಲಾಡಿಸುತ್ತ, ಒಂದು ಪದವನ್ನೂ ಬಿಡದೆ ಓದಿದರು. ತಿದ್ದಿದ ಕಡೆ ನಿಂತರು, ತಲೆಯಾಡಿಸಿದರು. ತಮ್ಮ ಚಿತ್ರವನ್ನು ಮಾತ್ರ ಅಪರಿಚಿತರನ್ನು ನೋಡುವಂತೆ ನೋಡಿ ಬಿಟ್ಟರು. ಮತ್ತೆ ಟಿಪ್ಪಣಿಗೆ ಬಂದು, ತಲೆಯೆತ್ತಿ, ಆ ಹಳೆಯ ಧ್ವನಿಯಲ್ಲಿ, ಕಾರ್ಡು ಹಿಡಿದಾಗಿನ ಧ್ವನಿಯಲ್ಲಿ ಕೇಳಿದರು:

‘ಇದು ಯಾರದು?’

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವನು ಎರಡು ಹೊಡೆತ ಎಣಿಸಿದ.

‘ಟೀಚರಮ್ಮಂದು, ಸರ್. ತಮ್ಮದಲ್ಲ.’

‘ಹೌದಾ,’ ಎಂದರು ದೊಡ್ಡವರು. ಮುಖ ಅರಳಿತು. ‘ಚೆನ್ನಾಗಿ ಬರೆದಿದಾರೆ. ಕರೀರಿ ಅವರನ್ನ. ನಾನೇ ಹೇಳ್ಬೇಕು.’

ಇಷ್ಟೇ ಇತ್ತು. ಗೊತ್ತಿಲ್ಲ ಎಂದಿದ್ದರೆ ಆ ಸೋಮವಾರ ಇಷ್ಟೇ ಆಗುತ್ತಿತ್ತು. ಆಚೆ ಕೋಣೆಯಿಂದ ಹೊಸ ಚಪ್ಪಲಿಯ ಸದ್ದು ಬರುತ್ತಿತ್ತು. ಕನ್ನಡಕ ಒರೆಸಿದ ಆ ನಿಲುಗಡೆಯಲ್ಲಿದ್ದದ್ದು ಏನೆಂಬುದು ಇದರಿಂದಲೂ ತಿಳಿಯಲಿಲ್ಲ ಎಂಬುದು ಅವನಿಗೆ ಹೊಳೆಯಿತು; ಇವರು ಈಗ ಬೇರೆಯವರು, ಅಂದಿನವರನ್ನು ಕೇಳಲು ಇನ್ನು ಯಾರೂ ಉಳಿದಿಲ್ಲ. ಹೇಳಿಯಾಯಿತು, ಎಂದುಕೊಂಡು ಕೈ ಚಾಚಿ ಪುಟ ತೆಗೆದುಕೊಳ್ಳಹೋದ. ದೊಡ್ಡವರು ಬಿಡಲಿಲ್ಲ. ಬೆರಳು ಮತ್ತೆ ಮೊದಲ ಸಾಲಿಗೆ ಹೋಗಿತ್ತು. ಓದಿ ಮುಗಿಸಿ ತಲೆಯೆತ್ತಿದರು.

‘ಇದು ಯಾರದು?’

‘ಟೀಚರಮ್ಮಂದು, ಸರ್.’

‘ಹೌದಾ. ಚೆನ್ನಾಗಿ ಬರೆದಿದಾರೆ.’

ಮೂರನೆಯ ಸಲ ಹೇಳುವಾಗ ಬಾಗಿಲಲ್ಲಿ ನೆರಳು ಬಿತ್ತು. ಮಗಳು ಕಾಫಿ ಲೋಟ ಹಿಡಿದು ನಿಂತಿದ್ದರು.

‘ಏನಂದ್ರಿ ನೀವು?’

ಅವನು ಎದ್ದು ನಿಂತ. ‘ಆ ಟಿಪ್ಪಣಿ ಇವರದಲ್ಲಮ್ಮ.’

‘ಕೊಳದ ದಂಡೇಲಿ ಹೊಳೆದಿದ್ದು ಅದು. ನಾನು ಚಿಕ್ಕವಳಿದ್ದಾಗಿಂದ ಕೇಳಿದೀನಿ. ಮೀನು ಬಂದು...’

‘ಕೊಳ ಇರ್ಲಿಲ್ಲ.’

ಲೋಟದಿಂದ ಸ್ವಲ್ಪ ಕಾಫಿ ಅವರ ಬೆರಳ ಮೇಲೆ ಚೆಲ್ಲಿತು. ಅವರು ಒರೆಸಿಕೊಳ್ಳಲಿಲ್ಲ. ‘ಮೊದಲ ಸಾಲಲ್ಲಿ ಕೂತು ಚಪ್ಪಾಳೆ ತಟ್ತಿದ್ದವರು ನೀವು,’ ಎಂದರು. ‘ಇವತ್ತು ಬಂದು ಹೇಳ್ತಿದೀರಿ. ಇವತ್ತಾದ್ರೆ ಅಪ್ಪಂಗೆ ತಿರುಗಿಸಿ ಕೇಳೋಕಾಗಲ್ಲ, ಅದಕ್ಕಾ?’

ಇರಬಹುದು, ಎಂದುಕೊಂಡ ಅವನು. ಇಲ್ಲ ಎನ್ನಲು ಬಾಯಿ ತೆರೆದರೆ ಅದೂ ಸಲೀಸಾಗಿ ಬಂದುಬಿಡುತ್ತದೆಂಬ ಭಯಕ್ಕೆ ಬಾಯಿ ತೆರೆಯಲಿಲ್ಲ. ಕಿಸೆಯಿಂದ ಪೆನ್ಸಿಲ್ ತೆಗೆದ, ಬೆಳಗ್ಗೆ ಚೂಪು ಮಾಡಿದ ಮೂರರಲ್ಲಿ ಒಂದು. ದೊಡ್ಡವರ ಮಡಿಲಿನ ಮೇಲೆಯೇ ಪುಟವನ್ನು ಒತ್ತಿ ಹಿಡಿದು, ಚೌಕಟ್ಟಿನ ಕೆಳಗಿನ ಮೂರು ಪದಗಳನ್ನು ಹೊಡೆದ. ಅಲ್ಲಿ ಟೀಚರಮ್ಮನ ಹೆಸರನ್ನು ಪೂರ್ತಿಯಾಗಿ, ಬಿಡಿಬಿಡಿ ಅಕ್ಷರದಲ್ಲಿ ಬರೆದ. ಬಲಮೂಲೆಯಲ್ಲಿ ತಿದ್ದಿದವನ ಎರಡಕ್ಷರ ಹಾಕಿದ. ಪೆನ್ಸಿಲಿನ ಮೊನೆ ಕಂಬಳಿಯ ಮೆತ್ತನೆಗೆ ಕಾಗದವನ್ನು ಒಂದು ಕಡೆ ತೂತು ಮಾಡಿತು.

ಕಿಸೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಪ್ರೆಸ್ಸಿನವರಿರಬೇಕು, ಐದಕ್ಕೆ ಇನ್ನು ಇಪ್ಪತ್ತು ನಿಮಿಷ. ಪುಟ ದೊಡ್ಡವರ ಎರಡೂ ಕೈಯಲ್ಲಿ ಭದ್ರವಾಗಿತ್ತು. ಬೆರಳು ಮೊದಲ ಸಾಲಿನಿಂದ ಹೊರಟು ನಿಧಾನವಾಗಿ ಇಳಿಯುತ್ತಿತ್ತು. ಮಗಳು ಲೋಟವನ್ನು ಕೆಳಗಿಡಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಅವನು ಸ್ಟೂಲನ್ನು ಹತ್ತಿರ ಎಳೆದುಕೊಂಡು, ಈ ಸಲ ಬಾಗಿಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕೆಂದು ಉಸಿರು ತುಂಬಿಕೊಂಡು, ಬೆರಳು ಕೊನೆಯ ಸಾಲಿಗೆ ಬರುವುದನ್ನು ನೋಡುತ್ತ ಕೂತ.

‘ಇದು ಯಾರದು?’ ಎಂದರು ದೊಡ್ಡವರು.